ನಿಮಗಿದು ಗೊತ್ತೇ? ರ‍್ಯಾಮ್ ಹಾಕಿಸಲು ಹೊರಡುವ ಮುನ್ನ

ಬೆಂಗಳೂರಿನ ಕತ್ರಿಗುಪ್ಪೆ ವಾಟರ್ ಟ್ಯಾಂಕ್ ಆಸುಪಾಸಿನ ಲ್ಯಾಪ್‌ಟಾಪ್ ರಿಪೇರಿ ಅಂಗಡಿಗಳಲ್ಲಿ ಈ ಮಾತು ಮಾಮೂಲು: "ಅಣ್ಣ, ಎಂಟು ಜಿಬಿ ಇದೆ, ಹದಿನಾರು ಮಾಡ್ಕೊಡಿ." ಅಂಗಡಿಯವನು ತಳದ ಮುಚ್ಚಳ ಬಿಚ್ಚುತ್ತಾನೆ, ಮೊಬೈಲ್ ಟಾರ್ಚ್ ಹಿಡಿದು ಇಣುಕುತ್ತಾನೆ, ಮತ್ತೆ ಸ್ಕ್ರೂ ಬಿಗಿಯುತ್ತಾನೆ. "ಆನ್‌ಬೋರ್ಡ್ ಸರ್, ಸ್ಲಾಟೇ ಇಲ್ಲ. ಏನೂ ಮಾಡಕ್ಕಾಗಲ್ಲ."

ಇದು ಬರೀ ಕಂಪನಿಗಳ ಜಿಪುಣತನವಲ್ಲ. ತೆಳು ಲ್ಯಾಪ್‌ಟಾಪ್‌ಗಳು ಈಗ ಬಳಸುವುದು ಫೋನಿಗೆಂದೇ ಹುಟ್ಟಿದ, ಕಡಿಮೆ ವಿದ್ಯುತ್ ಕುಡಿಯುವ ಎಲ್‌ಪಿಡಿಡಿಆರ್ ಮೆಮೊರಿ. ಅದರ ವೇಗ ನಿಲ್ಲಬೇಕಾದರೆ ಪ್ರೊಸೆಸರ್‌ಗೂ ಚಿಪ್‌ಗೂ ನಡುವಿನ ದಾರಿ ತೀರಾ ಚಿಕ್ಕದಿರಬೇಕು. ಹಳೆಯ ಸ್ಲಾಟಿನ ಉದ್ದ ದಾರಿಯಲ್ಲಿ ಸಂಕೇತ ಕೆಡುತ್ತದೆ. ಹಾಗಾಗಿ ಬೋರ್ಡಿಗೇ ಬೆಸುಗೆ. (ಹೆಚ್ಚಿನ ರ‍್ಯಾಮಿನ ಮಾಡೆಲ್ಲಿಗೆ ಬಾಯಿಗೆ ಬಂದ ಬೆಲೆ ಹಾಕುವುದು ಮಾತ್ರ ಜಿಪುಣತನವೂ ಅಲ್ಲ, ಶುದ್ಧ ವ್ಯಾಪಾರ.)

ಇದಕ್ಕೊಂದು ಪರಿಹಾರ ಬಂದಾಗಿದೆ. ಡೆಲ್ ಕಂಪನಿ 2022ರಲ್ಲಿ ತನ್ನ ಪ್ರಿಸಿಷನ್ ಲ್ಯಾಪ್‌ಟಾಪಿಗೆ ಕ್ಯಾಮ್ ಎಂಬ ಚಪ್ಪಟೆ ಮೆಮೊರಿ ಫಲಕ ತಂದಿತು. ಇದನ್ನು ಸ್ಲಾಟಿಗೆ ತುರುಕುವುದಿಲ್ಲ, ಬೋರ್ಡಿನ ಮೇಲೆ ಮಲಗಿಸಿ ಸ್ಕ್ರೂ ಬಿಗಿಯುವುದು. 2023ರ ಡಿಸೆಂಬರಿನಲ್ಲಿ ಇದು ಕ್ಯಾಮ್2 ಎಂಬ ಹೆಸರಿನಲ್ಲಿ ಎಲ್ಲ ಕಂಪನಿಗಳಿಗೂ ಮುಕ್ತ ಮಾನಕವಾಯಿತು. ಇದರ ತಮ್ಮ ಎಲ್‌ಪಿಕ್ಯಾಮ್2 ಫೋನ್ ಜಾತಿಯ ಮೆಮೊರಿಯನ್ನೇ ಬಿಚ್ಚಿ ಬದಲಿಸುವಂತೆ ಮಾಡಿದೆ. 2024ರ ಲೆನೊವೊ ಥಿಂಕ್‌ಪ್ಯಾಡ್ ಪಿ1ರಲ್ಲಿ ಅದು ಮಾರುಕಟ್ಟೆಗೂ ಬಂತು. ದುಬಾರಿ ಯಂತ್ರಗಳಿಂದ ಇನ್ನೂ ಕೆಳಗಿಳಿದಿಲ್ಲ ಅನ್ನುವುದೇ ಕೊರತೆ.

ಈ ಮಾನಕಗಳನ್ನು ಬರೆಯುವವರು ಯಾರು? ಜೆಡೆಕ್ ಎಂಬ ಅಮೆರಿಕದ ಉದ್ಯಮ ಸಂಘ. ಪರಸ್ಪರ ಪೈಪೋಟಿಯಲ್ಲಿರುವ ಮೆಮೊರಿ ಕಂಪನಿಗಳಾದ ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಮೂರೂ ಅಲ್ಲಿ ಒಂದೇ ಮೇಜಿಗೆ ಕೂರುತ್ತವೆ. ಕಂಪ್ಯೂಟರ್ ಮೆಮೊರಿಯ ಮಾನಕಗಳ ಪೈಕಿ ಮೊದಲ ಡಿಡಿಆರ್ 2000ದಲ್ಲಿ, ಡಿಡಿಆರ್4 2012ರಲ್ಲಿ, ಡಿಡಿಆರ್5 2020ರಲ್ಲಿ ಪ್ರಕಟವಾದವು. ಮೊದಲನೆಯದಕ್ಕೆ 2.5 ವೋಲ್ಟ್ ಬೇಕಿತ್ತು, ಡಿಡಿಆರ್5ಕ್ಕೆ 1.1 ಸಾಕು.

ಡೆಸ್ಕ್‌ಟಾಪಿನ ಡಿಡಿಆರ್4ಕ್ಕೂ ಡಿಡಿಆರ್5ಕ್ಕೂ ಪಿನ್ನುಗಳ ಸಂಖ್ಯೆ ಒಂದೇ, 288. ಆದರೆ ನಡುವಿನ ಕಚ್ಚು ಇರುವ ಜಾಗ ಬೇರೆ. ಒತ್ತಿದರೂ ಕೂರಲಿಲ್ಲ ಎಂದರೆ ಇನ್ನಷ್ಟು ಒತ್ತಬೇಡಿ.

ಪ್ಯಾಕೆಟ್ ಮೇಲಿನ "3200 ಮೆಗಾಹರ್ಟ್ಸ್" ಅರ್ಧ ಸುಳ್ಳು. ಗಡಿಯಾರದ ಮಿಡಿತ 1600 ಮಾತ್ರ. ಪ್ರತಿ ಮಿಡಿತಕ್ಕೆ ಎರಡು ಸಲ ದತ್ತಾಂಶ ಸಾಗುವುದರಿಂದ 3200.

ಇನ್ನು ಫೋನು. ನಿಮ್ಮ ಫೋನಿನಲ್ಲಿ ರ‍್ಯಾಮ್ ಎಲ್ಲಿದೆ ಎಂದು ಹುಡುಕಿದರೆ ಬಹುಮಟ್ಟಿಗೆ ಕಾಣಿಸದು. ಸಾಮಾನ್ಯವಾಗಿ ಅದು ಪ್ರೊಸೆಸರ್‌ನ ಬೆನ್ನ ಮೇಲೆಯೇ ಕೂತಿರುತ್ತದೆ. ಅಂಗಡಿಯ ಬೋರ್ಡಿನಲ್ಲಿ "8+8 ಜಿಬಿ" ಎಂದಿದ್ದರೆ ಎರಡನೆಯ ಎಂಟು ರ‍್ಯಾಮೇ ಅಲ್ಲ, ನಿಮ್ಮ ಫೋಟೊ-ವಿಡಿಯೊ ಇಡುವ ಜಾಗದಿಂದ ಕಡ ತಂದದ್ದು. ವೇಗದಲ್ಲಿ ಅಜಗಜಾಂತರ. ಅದಕ್ಕೆಂದು ಒಂದು ರೂಪಾಯಿಯನ್ನೂ ಹೆಚ್ಚು ಕೊಡಬೇಡಿ. ಅಂದಹಾಗೆ, 2008ರ ಮೊಟ್ಟಮೊದಲ ಆಂಡ್ರಾಯ್ಡ್ ಫೋನಿಗಿದ್ದ ರ‍್ಯಾಮ್ 192 ಎಂಬಿ!

ಮುಂದಿನದು ಎಲ್‌ಪಿಡಿಡಿಆರ್6. ಮಾನಕ 2025ರ ಜುಲೈನಲ್ಲಿ ಹೊರಬಿತ್ತು. ಒಂದು ತಂತಿಯಲ್ಲಿ ಸೆಕೆಂಡಿಗೆ 1,440 ಕೋಟಿ ಬಿಟ್‌ಗಳವರೆಗೆ ಸಾಗಿಸುವ ಗುರಿ. ಎಲ್‌ಪಿಡಿಡಿಆರ್5ಎಕ್ಸ್ ಮಾನಕದಲ್ಲಿ ಇದು ಸುಮಾರು 853 ಕೋಟಿ.

ಇಷ್ಟೆಲ್ಲ ವೇಗದ ಕೆಳಗಿರುವ ಉಪಾಯ ಮಾತ್ರ ಅರವತ್ತು ವರ್ಷ ಹಳೆಯದು. ಐಬಿಎಂನ ರಾಬರ್ಟ್ ಡೆನಾರ್ಡ್‌ಗೆ 1966ರಲ್ಲಿ ಹೊಳೆದದ್ದು: ಒಂದು ಬಿಟ್‌ಗೆ ಒಂದು ಟ್ರಾನ್ಸಿಸ್ಟರ್, ಒಂದು ಕೆಪಾಸಿಟರ್, ಅಷ್ಟೇ. ಪೇಟೆಂಟ್ ಸಿಕ್ಕಿದ್ದು 1968ರಲ್ಲಿ. ಆದರೆ ಆ ಕೆಪಾಸಿಟರ್ ತೂತು ಬಿಂದಿಗೆಯ ಹಾಗೆ, ಸೋರುತ್ತಲೇ ಇರುತ್ತದೆ. ಡಿಡಿಆರ್4ರಲ್ಲಿ ಪ್ರತಿ ಕೋಶವನ್ನೂ ಸಾಮಾನ್ಯವಾಗಿ 64 ಮಿಲಿಸೆಕೆಂಡಿಗೊಮ್ಮೆ ತುಂಬಿಸಬೇಕು. ಕರೆಂಟ್ ಹೋದಾಗ ಸೇವ್ ಮಾಡದ ಕಡತ ಮಾಯವಾಗುವುದು ಇದಕ್ಕೇ.

1970ರಲ್ಲಿ ಇಂಟೆಲ್ ಮಾರುಕಟ್ಟೆಗೆ ತಂದ 1103 ಚಿಪ್ಪಿನ ಸಾಮರ್ಥ್ಯ 1,024 ಬಿಟ್, ಅಂದರೆ 128 ಬೈಟ್. ಅಕ್ಷರಗಳನ್ನು ಬೈಟ್‌ಗಳಾಗಿಸುವ ಇಂದಿನ ಯುಟಿಎಫ್-8 ಪದ್ಧತಿಯಲ್ಲಿ "ಕತ್ರಿಗುಪ್ಪೆ" ಎಂದು ಕನ್ನಡದಲ್ಲಿ ಬರೆದರೆ 33 ಬೈಟ್ ಬೇಕು. ಆ ಚಿಪ್ಪಿನಲ್ಲಿ ಮೂರು ಸಲ ಬರೆಯಬಹುದು, ನಾಲ್ಕನೆಯದಕ್ಕೆ ಜಾಗ ಸಾಲದು.

ಮೆಮೊರಿಯನ್ನು ಜಾಣತನದಿಂದ ಹಂಚಿದ ಕಥೆ ನಮ್ಮಲ್ಲೂ ಇದೆ. ಫೋನ್ ಎಂದರೆ ಬರೀ ಮಾತಾಡುವ ಡಬ್ಬಿಯಾಗಿದ್ದ ಕಾಲದಲ್ಲೇ ಬೆಂಗಳೂರಿನಲ್ಲಿ ಅಂಗೈ ಕಂಪ್ಯೂಟರ್ ಹುಟ್ಟಿತ್ತು ಗೊತ್ತೇ? ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಅವರು ಎನ್‌ಕೋರ್ ಕಂಪನಿಯವರ ಜೊತೆ ಸೇರಿ ರೂಪಿಸಿದ ಸಿಂಪ್ಯೂಟರ್. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ (ಬಿಇಎಲ್) ಅದನ್ನು ತಯಾರಿಸಿಯೂ ಕೊಟ್ಟಿತು. ಅದರ ಜಾಣ್ಮೆ ಇದ್ದದ್ದು ಸ್ಮಾರ್ಟ್‌ಕಾರ್ಡ್‌ನಲ್ಲಿ: ಯಂತ್ರ ಊರಿಗೊಂದು, ಮಾಹಿತಿ ಅವರವರ ಜೇಬಿನ ಕಾರ್ಡಿನಲ್ಲಿ. ಯಂತ್ರ ಮಾತ್ರ ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ.

ಅದೇ ವಿಜ್ಞಾನ ಸಂಸ್ಥೆಯ ಶ್ರೀತೋಷ್ ಗೋಸ್ವಾಮಿ ಅವರ ತಂಡ 2024ರ ಸೆಪ್ಟೆಂಬರಿನಲ್ಲಿ 'ನೇಚರ್' ಪತ್ರಿಕೆಯಲ್ಲಿ ಇನ್ನೂ ದೊಡ್ಡ ಸುದ್ದಿ ಕೊಟ್ಟಿತು. ಮಾಮೂಲಿ ಮೆಮೊರಿ ಕೋಶಕ್ಕೆ ಸೊನ್ನೆ, ಒಂದು ಎಂಬ ಎರಡೇ ಸ್ಥಿತಿ. ಇವರ ಅಣು ಪದರದ್ದು 16,500 ಸ್ಥಿತಿ. ಲೆಕ್ಕವೂ ಸಂಗ್ರಹವೂ ಒಂದೇ ಜಾಗದಲ್ಲಿ ನಡೆಯುವುದರಿಂದ ದತ್ತಾಂಶ ಅತ್ತಿಂದಿತ್ತ ಓಡಾಡುವ ದಂಡ ತಪ್ಪುತ್ತದೆ. ಜೇಮ್ಸ್ ವೆಬ್ ದೂರದರ್ಶಕದ ದತ್ತಾಂಶದಿಂದ ಹೆಸರಾಂತ ಬಾಹ್ಯಾಕಾಶ ಚಿತ್ರವೊಂದನ್ನು ಇವರು ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ ಮೂಡಿಸಿ ತೋರಿಸಿದರು. ಇದು ನಾಳೆಯೇ ಫೋನಿಗೆ ಬರುವ ಸಂಗತಿಯಲ್ಲ, ಪ್ರಯೋಗಾಲಯದ ಮಾತು.

ಮತ್ತೆ ಅಂಗಡಿಗೆ ಬರೋಣ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್.ಪಿ. ರೋಡಿನಲ್ಲೂ ರ‍್ಯಾಮ್ ಬೆಲೆ ಏರಿದ್ದೇಕೆ? ಎಐ ಸರ್ವರ್‌ಗಳು ಬಯಸುವ ಎಚ್‌ಬಿಎಂ ಎಂಬ ಅಟ್ಟ ಕಟ್ಟಿದ ಮೆಮೊರಿಗೆ, ಅಷ್ಟೇ ಪ್ರಮಾಣದ ಡಿಡಿಆರ್5ಕ್ಕಿಂತ ಸುಮಾರು ಮೂರು ಪಟ್ಟು ಸಿಲಿಕಾನ್ ಬೇಕೆಂದು ಮೈಕ್ರಾನ್ ಹೇಳುತ್ತದೆ. ಕಾರ್ಖಾನೆಗಳು ಅತ್ತ ವಾಲಿದವು, ನಮಗೆ ತತ್ವಾರ. 2025ರ ಡಿಸೆಂಬರಿನಲ್ಲಿ ಅದೇ ಮೈಕ್ರಾನ್, ಸಾಮಾನ್ಯ ಗ್ರಾಹಕರ ಕ್ರೂಶಿಯಲ್ ಬ್ರ್ಯಾಂಡಿನ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಘೋಷಿಸಿತು.

ಆದ್ದರಿಂದ ಮುಚ್ಚಳ ಬಿಚ್ಚಿಸುವ ಮೊದಲು ಮನೆಯಲ್ಲೇ ನೋಡಿಕೊಳ್ಳಿ. ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ, ಪರ್ಫಾರ್ಮೆನ್ಸ್‌ನಲ್ಲಿ ಮೆಮೊರಿ ತೆರೆಯಿರಿ. ಫಾರ್ಮ್ ಫ್ಯಾಕ್ಟರ್ ಎದುರು "ಸೋಡಿಮ್" ಎಂದಿದ್ದರೆ ಸಾಮಾನ್ಯವಾಗಿ ಬದಲಿಸಬಹುದು. "ರೋ ಆಫ್ ಚಿಪ್ಸ್" ಎಂದಿದ್ದರೆ ಸಾಮಾನ್ಯವಾಗಿ ಅದು ಬೆಸುಗೆ. ಬೇರೆ ಖಾಲಿ ಸ್ಲಾಟ್ ಇಲ್ಲದಿದ್ದರೆ ಅಂಗಡಿಗೆ ಹೋಗಿ ಪ್ರಯೋಜನವಿಲ್ಲ. ಹೊಸದಾಗಿ ಬೆಸುಗೆಯ ಲ್ಯಾಪ್‌ಟಾಪ್ ಕೊಳ್ಳುವವರು ಎಂಟಕ್ಕೆ ಒಪ್ಪಬೇಡಿ, ಹದಿನಾರೇ ಕೇಳಿ.