ದಿಬ್ಬಣಕ್ಕೆ ದಾರಿ ಹೇಳಿದ್ದೀರಾ?

ಹುಡುಗಿ ಶಿಡ್ಲಘಟ್ಟದವಳು, ಹುಡುಗ ಮಂಗಳೂರಿನವನು. ನಿಕಾಹ್ ಚಿಂತಾಮಣಿಯ ಶಾದಿ ಮಹಲ್‌ನಲ್ಲಿ. ಇಂತಹ ಸಂಬಂಧಗಳು ಈಗ ಅಪರೂಪವೇನಲ್ಲ. ಆಮಂತ್ರಣ ಪತ್ರದ ಚಿತ್ರವನ್ನು ವಾಟ್ಸಾಪ್‌ನಲ್ಲಿ ಕಳಿಸಿದರೆ ಕೆಲಸ ಮುಗಿಯಿತೆಂದು ನೀವು ಭಾವಿಸಿದ್ದರೆ ಸ್ವಲ್ಪ ತಾಳಿ. ಪತ್ರದಲ್ಲಿ ಮಹಲಿನ ಹೆಸರಿರುತ್ತದೆ, ದಾರಿ ಇರುವುದಿಲ್ಲ.

ಗೌರಿಬಿದನೂರು, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ನಾಲ್ಕೂ ರಾಷ್ಟ್ರೀಯ ಹೆದ್ದಾರಿ 69ರಲ್ಲಿ ಸಾಲಾಗಿ ಸಿಗುತ್ತವೆ. ರೈಲಿನ ಲೆಕ್ಕ ಬೇರೆ. ಗೌರಿಬಿದನೂರು ಇರುವುದು ಯಲಹಂಕ–ಹಿಂದೂಪುರ ಮಾರ್ಗದಲ್ಲಿ. ಉಳಿದ ಮೂರೂ ಇರುವುದು ಯಲಹಂಕದಿಂದ ಕೋಲಾರಕ್ಕೆ ಹೋಗುವ ಮಾರ್ಗದಲ್ಲಿ. ಅದು ಕೋಲಾರದವರೆಗೆ ಬ್ರಾಡ್‌ಗೇಜ್ ಆದದ್ದೇ 2013ರಲ್ಲಿ. ಹಾಗಾಗಿ ಗೌರಿಬಿದನೂರಿನ ಖಾಲಾ ಅವರಿಗೆ ‘ರೈಲಿಗೆ ಬನ್ನಿ’ ಎಂದುಬಿಟ್ಟರೆ ಅವರು ಯಲಹಂಕ ಸುತ್ತಬೇಕಾದೀತು! ಬೆಂಗಳೂರಿನ ಕಡೆಯಿಂದ ಬರುವವರಿಗೂ ಒಂದೇ ದಾರಿ ಹೇಳಬೇಡಿ. ಚಿಕ್ಕಬಳ್ಳಾಪುರಕ್ಕೆ ದೇವನಹಳ್ಳಿ ರಸ್ತೆ, ಚಿಂತಾಮಣಿಗೆ ಹೊಸಕೋಟೆ, ಎಚ್. ಕ್ರಾಸ್ ಮೂಲಕ. ಭಾನುವಾರ ಬೆಳಿಗ್ಗೆ ದೇವನಹಳ್ಳಿ ರಸ್ತೆಯಲ್ಲಿ ನಂದಿಬೆಟ್ಟಕ್ಕೆ ಹೊರಟವರ ವಾಹನಗಳೇ ತುಂಬಿರುತ್ತವೆ. ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದರೆ ಮಂಗಳೂರಿನ ಬಸ್ಸು ಅಲ್ಲೇ ನಿಂತಿತು. ದಿಬ್ಬಣ ಹಿಂದಿನ ದಿನವೇ ಬಂದು ತಂಗುವುದು ಕ್ಷೇಮ.

ಆದರೆ ಬಸ್ಸಿಗಿಂತ ದೊಡ್ಡ ವಿಷಯವೊಂದಿದೆ. ಕರಾವಳಿಯವರು ಹೆಚ್ಚಾಗಿ ಶಾಫಿಈಗಳು, ಈ ಭಾಗದವರು ಹೆಚ್ಚಾಗಿ ಹನಫಿಗಳು. ಶಾಫಿಈಗಳಲ್ಲಿ ವಲೀ ಇಲ್ಲದೆ ನಿಕಾಹ್ ಇಲ್ಲ. ಇಲ್ಲಿ ವಕೀಲರು ಇಬ್ಬರು ಸಾಕ್ಷಿಗಳೊಂದಿಗೆ ಹೋಗಿ ಹುಡುಗಿಯ ಒಪ್ಪಿಗೆ ಪಡೆದು ಬರುವುದು ರೂಢಿ. ಎರಡೂ ಜಮಾಅತ್‌ಗಳ ಖತೀಬರು ವಾರದ ಮುಂಚೆಯೇ ಫೋನಿನಲ್ಲಿ ಮಾತಾಡಿಕೊಳ್ಳಲಿ. ಮಹ್ರ್ ಎಷ್ಟು, ಸಾಕ್ಷಿಗಳು ಯಾರು, ಎರಡೂ ಕಡೆಯ ಜಮಾಅತ್‌ಗಳ ಪತ್ರ ಬಂದಿದೆಯೇ ಎಂಬುದೆಲ್ಲ ವೇದಿಕೆಯ ಮೇಲೆ ಚರ್ಚೆಯಾಗಬಾರದು. ಒಳಗೆ ಕುಳಿತ ಹುಡುಗಿಯ ಎದೆಬಡಿತವನ್ನು ಯೋಚಿಸಿ. ಅಸರ್ ವೇಳೆಯೂ ಹನಫಿಗಳಲ್ಲಿ ತಡ. ಮಹಲಿನಲ್ಲಿ ನಮಾಝಿಗೆ, ಹೆಂಗಸರ ವುಝೂಗೆ ಸ್ಥಳ ಎಲ್ಲಿದೆಯೆಂದು ಅತಿಥಿಗಳಿಗೆ ಮೊದಲೇ ತಿಳಿಸಿ.

ಪತ್ರದಲ್ಲಿ ಎರಡು ಫೋನ್ ನಂಬರುಗಳಿರಲಿ, ಅದರಲ್ಲೊಂದು ಮಹಿಳೆಯದು. ಅಪರಿಚಿತ ಗಂಡಸಿಗೆ ಕರೆ ಮಾಡಿ, ‘ಮಗುವಿಗೆ ಹಾಲು ಬಿಸಿ ಮಾಡಲು ಅನುಕೂಲವಿದೆಯೇ?’ ಎಂದು ಕೇಳಲು ಎಷ್ಟೋ ತಾಯಂದಿರು ಹಿಂಜರಿಯುತ್ತಾರೆ. ನಂಬರಿನವರು ಮದುಮಗಳ ತಂದೆಯಂತೂ ಆಗಿರಬಾರದು. ಅವರಿಗೆ ಆ ದಿನ ಫೋನೆತ್ತಲು ಪುರುಸೊತ್ತೆಲ್ಲಿ? ಇಲ್ಲಿ ಮನೆಮಾತು ಉರ್ದು, ಬೀದಿಯಲ್ಲಿ ತೆಲುಗೂ ಕೇಳಿಸುತ್ತದೆ. ಬಂದವರು ಬ್ಯಾರಿಗಳಾದರೆ ನಡುವೆ ಕನ್ನಡವೇ ಸೇತುವೆ. ಕನ್ನಡ ಚೆನ್ನಾಗಿ ಬಲ್ಲ ಹುಡುಗನೊಬ್ಬನನ್ನು ಬಸ್ ನಿಲ್ದಾಣದಲ್ಲಿ ನಿಲ್ಲಿಸಿ.

ಎಷ್ಟು ಜನ ಬರುತ್ತಾರೆಂದು ಗಂಡಿನ ಕಡೆಯವರು ಮೂರು ದಿನ ಮೊದಲು ಖಚಿತವಾಗಿ ಹೇಳಬೇಕು. ‘ಒಂದು ಬಸ್ಸು’ ಎಂದವರು ಎರಡು ಬಸ್ಸಿನಲ್ಲಿ ಬಂದಿಳಿದರೆ ಬಿರಿಯಾನಿ ಸಾಲದು. ಎರಡೆಂದವರು ಒಂದರಲ್ಲಿ ಬಂದರೆ ದೇಗ್ ಉಳಿಯುತ್ತದೆ. ಎರಡರಲ್ಲೂ ಸಾಲದ ಹೊರೆ ಬೀಳುವುದು ಹೆಣ್ಣಿನ ತಂದೆಯ ತಲೆಯ ಮೇಲೆ.

ಇನ್ನು ಬಸ್ಸಿನ ಚಾಲಕ. ಅವರಿಗೆ ಮೊದಲ ಪಂಕ್ತಿಯಲ್ಲೇ ಊಟ ಹಾಕಿಸಿ, ಗದ್ದಲವಿಲ್ಲದ ಕಡೆ ಒಂದು ಚಾಪೆ ಕೊಡಿ. ರಾತ್ರಿಯಿಡೀ ಗಾಡಿ ಓಡಿಸಬೇಕಾದವರು ಅವರು.