ಸಿಹಿ ಹಂಚುವುದು ವಾರ್ಡಿನಲ್ಲಿ

ಜಿಲ್ಲಾಸ್ಪತ್ರೆಯಲ್ಲಿ ಕೆಲಸ ಮಾಡುವವರಿಗೆಲ್ಲ ಗೊತ್ತಿರುವ ವಿಷಯವಿದು. ರೋಗಿ ಗುಣವಾಗಿ ಹೊರಟ ದಿನ ಮನೆಯವರು ಪೇಡೆಯನ್ನೋ ಮೈಸೂರು ಪಾಕನ್ನೋ ತಂದರೆ ಅದು ವಾರ್ಡಿಗೆ ಹೋಗುತ್ತದೆ, ಆಪರೇಷನ್ ಮಾಡಿದ ಡಾಕ್ಟರಿಗೆ ಹೋಗುತ್ತದೆ, ಹೆರಿಗೆ ವಾರ್ಡಿಗಂತೂ ದಿನವೂ ಹೋಗುತ್ತದೆ. ಕ್ಯಾಜುವಾಲ್ಟಿಗೆ ಬರುವುದಿಲ್ಲ. ಅದು ಜನರ ತಪ್ಪೂ ಅಲ್ಲ. ಎಚ್ಚರ ತಪ್ಪಿ ಬಂದವನಿಗೆ ತನ್ನ ಗಂಟಲಿಗೆ ನಳಿಕೆ ಇಳಿಸಿದವರ ಮುಖ ಹೇಗೆ ನೆನಪಿರಬೇಕು? ಜೊತೆಗೆ ಬಂದವರು ಗಾಬರಿಯಲ್ಲಿರುತ್ತಾರೆ. ಒಂದೆರಡು ಗಂಟೆಯೊಳಗೆ ರೋಗಿ ಐಸಿಯುಗೋ ಬೆಂಗಳೂರಿಗೋ ಹೊರಟುಬಿಡುತ್ತಾನೆ. ಆಮೇಲೆ ಬದುಕಿದನೋ ಇಲ್ಲವೋ ಎಂಬುದು ಎಷ್ಟೋ ಸಲ ನಮಗೂ ತಿಳಿಯುವುದಿಲ್ಲ.

ಹೀಗಾಗಿ ಕ್ಯಾಜುವಾಲ್ಟಿ ಡಾಕ್ಟರಿಗೆ ನಾಲ್ಕು ಒಳ್ಳೆಯ ಮಾತು ಹೇಳುವ ಕೆಲಸ ಅವರ ಜೊತೆ ದುಡಿದವರ ಪಾಲಿಗೇ ಬರುತ್ತದೆ. ನಾನು ಅಲ್ಲಿ ನರ್ಸಿಂಗ್ ಆಫೀಸರ್. ಜನ ಈಗಲೂ ಸಿಸ್ಟರ್ ಎಂದೇ ಕರೆಯುತ್ತಾರೆ. ಅರವತ್ತು ತುಂಬಿ, ಮೊನ್ನೆ ತಿಂಗಳ ಕೊನೆಯ ದಿನ ವಯೋನಿವೃತ್ತಿ ಹೊಂದಿದ ನಮ್ಮ ಮೇಡಂ ಬಗ್ಗೆ ಬರೆಯುತ್ತಿದ್ದೇನೆ. ಹೆಸರು ಹಾಕಬೇಡ, ಊರನ್ನೂ ಹಾಕಬೇಡ ಎಂದು ಕಟ್ಟಪ್ಪಣೆ ಮಾಡಿದ್ದಾರೆ. ಪುಣೆ–ಬೆಂಗಳೂರು ಹೆದ್ದಾರಿಗೆ ಹತ್ತಿರದ, ಸುತ್ತ ಮೆಕ್ಕೆಜೋಳ, ಈರುಳ್ಳಿ, ಅಡಿಕೆ ಬೆಳೆಯುವ ಸೀಮೆಯ ಆಸ್ಪತ್ರೆ ಎಂದರೆ ಸಾಕು. ಹೆದ್ದಾರಿಯಿಂದ ಅಪಘಾತ, ಹೊಲದಿಂದ ಹಾವು ಮತ್ತು ಕೀಟನಾಶಕ, ಮನೆಗಳಿಂದ ಎದೆನೋವು. ನಮ್ಮ ಬಾಗಿಲಿಗೆ ಹೆಚ್ಚಾಗಿ ಬರುವುದು ಇವೇ.

ಮೇಡಂ ಓದಿದ್ದು ಅರಿವಳಿಕೆ. ಅವರು ವಿದ್ಯಾರ್ಥಿಯಾಗಿದ್ದಾಗ ತುರ್ತು ಚಿಕಿತ್ಸೆ ಎಂಬ ಪ್ರತ್ಯೇಕ ವಿಷಯವೇ ನಮ್ಮ ದೇಶದಲ್ಲಿರಲಿಲ್ಲ. ಅಮೆರಿಕದಲ್ಲಿ ಇದಕ್ಕಾಗಿಯೇ ವೈದ್ಯರನ್ನು ತಯಾರು ಮಾಡುವ ಮೊದಲ ತರಬೇತಿ 1970ರಲ್ಲಿ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ ಶುರುವಾಯಿತು. 1979ರಲ್ಲಿ ಅಲ್ಲಿ ಅದಕ್ಕೆ ಪ್ರತ್ಯೇಕ ವೈದ್ಯವಿಭಾಗದ ಮಾನ್ಯತೆ ಸಿಕ್ಕಿತು. ಭಾರತೀಯ ವೈದ್ಯಕೀಯ ಮಂಡಳಿ ಮಾನ್ಯತೆ ಕೊಟ್ಟಿದ್ದು 2009ರಲ್ಲಿ. ಅಷ್ಟರಲ್ಲಿ ಮೇಡಂ ಆ ಕೆಲಸದಲ್ಲೇ ಕೂದಲು ನರೆಸಿಕೊಂಡಿದ್ದರು. ಇಂದು ಎಂಡಿ ಎಮರ್ಜೆನ್ಸಿ ಮೆಡಿಸಿನ್ ಮುಗಿಸಿ ಬರುವ ಹುಡುಗ ಹುಡುಗಿಯರಿಗೆ ಕಲಿಸಿದ ಹಲವರ ಬಳಿ ಆ ಡಿಗ್ರಿಯೇ ಇಲ್ಲ. ಅವರು ಅರಿವಳಿಕೆಯಿಂದಲೋ ಸರ್ಜರಿಯಿಂದಲೋ ಮೆಡಿಸಿನ್‌ನಿಂದಲೋ ಬಂದು ಈ ವಿಭಾಗವನ್ನು ಕೈಯಾರೆ ಕಟ್ಟಿದವರು. ಈಗ ಒಬ್ಬೊಬ್ಬರಾಗಿ ನಿವೃತ್ತರಾಗುತ್ತಿರುವುದು ಆ ತಲೆಮಾರು.

ಮೊದಲೆಲ್ಲ ಕ್ಯಾಜುವಾಲ್ಟಿ ಡ್ಯೂಟಿ ಎಂದರೆ ಸರದಿಯ ಮೇಲೆ ಬರುವ ತಲೆನೋವು. ಇವತ್ತು ಚರ್ಮದ ಡಾಕ್ಟರು, ನಾಳೆ ಕಣ್ಣಿನ ಡಾಕ್ಟರು. ಚೀಟಿ ಬರೆದು, ಪೊಲೀಸರಿಗೆ ಹೋಗುವ ಎಂಎಲ್‌ಸಿ ವರದಿ ಮಾಡಿ, ರೆಫರ್ ಮಾಡಿದರೆ ಮುಗಿಯಿತು. ಅಲ್ಲಿಗೆ ತಾವಾಗಿಯೇ ಕೇಳಿಕೊಂಡು ಬಂದವರು ಇವರೊಬ್ಬರೇ. ಯಾಕೆ ಮೇಡಂ ಎಂದು ಕೇಳಿದ್ದೆ. "ಅರಿವಳಿಕೆಯವರನ್ನ ಕರೆಯೋದೇ ಉಸಿರು ನಿಂತ ಮೇಲೆ ಕಣವ್ವಾ. ನಿಲ್ಲೋಕೆ ಮುಂಚೆನೇ ಅಲ್ಲಿದ್ದರೆ ಒಳ್ಳೇದಲ್ವಾ ಅಂತ ಬಂದೆ" ಅಂದಿದ್ದರು.

ಬಂದವರು ಮೊದಲು ಕೈ ಹಾಕಿದ್ದು ಬಾಗಿಲಿಗೆ. ಬಾಗಿಲಲ್ಲೇ ಒಬ್ಬ ಸಿಸ್ಟರನ್ನು ನಿಲ್ಲಿಸಿ, ಬಂದವರನ್ನೆಲ್ಲ ಬಣ್ಣದ ಪಟ್ಟಿಯಿಂದ ವಿಂಗಡಿಸುವ ಪದ್ಧತಿ ತಂದರು. ಈಗಿಂದೀಗಲೇ ನೋಡಬೇಕಾದವರಿಗೆ ಕೆಂಪು, ಸ್ವಲ್ಪ ತಡೆಯಬಲ್ಲವರಿಗೆ ಹಳದಿ, ಕಾಯಬಲ್ಲವರಿಗೆ ಹಸಿರು, ತೀರಿಹೋದವರಿಗೆ ಕಪ್ಪು. ಇದರ ಬೇರು ನೆಪೋಲಿಯನ್ ಸೈನ್ಯದ ಶಸ್ತ್ರವೈದ್ಯ ಡೊಮಿನಿಕ್ ಲಾರೆಯವರಲ್ಲಿದೆ. ಗಾಯಾಳು ಸೇನಾಧಿಕಾರಿಯೋ ಸಾಮಾನ್ಯ ಸಿಪಾಯಿಯೋ ಎಂದು ನೋಡದೆ, ಯಾರ ಗಾಯ ಹೆಚ್ಚು ಅಪಾಯಕಾರಿಯೋ ಅವರಿಗೆ ಮೊದಲು ಚಿಕಿತ್ಸೆ ಎಂಬ ನಿಯಮ ಅವರದು. ನಮ್ಮಲ್ಲಿ ಅದು ಸುಲಭಕ್ಕೆ ನಡೆಯಲಿಲ್ಲ. "ನಾವು ಮೊದಲು ಬಂದಿದ್ದು" ಎನ್ನುವವರು, "ಯಾರ ಕಡೆಯವರು ಗೊತ್ತಾ" ಎಂದು ಫೋನ್ ಕೊಡುವವರು. ಇದು ರೇಷನ್ ಅಂಗಡಿಯ ಸಾಲಲ್ಲ ಎಂದು ಮೇಡಂ ಫೋನನ್ನು ಮುಟ್ಟದೆಯೇ ಹೇಳುತ್ತಿದ್ದರು. ಹೊಸದಾಗಿ ಬಂದ ಹೌಸ್ ಸರ್ಜನ್‌ಗಳಿಗೆ ಮೊದಲ ದಿನದ ಪಾಠವೂ ಇದೇ: "ಕೂಗಾಡ್ತಿರೋನ ಉಸಿರು ಚೆನ್ನಾಗೇ ಇದೆ. ಸದ್ದಿಲ್ಲದೆ ಮಲಗಿದಾನಲ್ಲ, ಅವನನ್ನ ಮೊದಲು ನೋಡು."

ಎರಡನೆಯ ಪಾಠ, ಕಣ್ಣಿಗೆ ಕಂಡದ್ದಕ್ಕೆ ಮರುಳಾಗಬಾರದು ಎಂಬುದು. ಮುರಿದ ಕಾಲಿನ ಎಲುಬು ಹೊರಗೆ ಬಂದಿದ್ದರೆ ಎಲ್ಲರ ಕೈಯೂ ಅಲ್ಲಿಗೇ ಹೋಗುತ್ತದೆ. ಆದರೆ ನಾಲಿಗೆ ಹಿಂದಕ್ಕೆ ಬಿದ್ದು ಗಂಟಲು ಮುಚ್ಚಿದರೆ ಆತ ಕೆಲವೇ ನಿಮಿಷಗಳಲ್ಲಿ ಸಾಯುತ್ತಾನೆ. ಕಾಲು ಅಷ್ಟು ಬೇಗ ಕೊಲ್ಲುವುದಿಲ್ಲ. ಮೊದಲು ಉಸಿರಿನ ದಾರಿ, ಆಮೇಲೆ ಉಸಿರಾಟ, ಆಮೇಲೆ ರಕ್ತಸಂಚಾರ, ಆಮೇಲೆ ಮಿದುಳು, ಕೊನೆಗೆ ಬಟ್ಟೆ ಕತ್ತರಿಸಿ ಮೈಯೆಲ್ಲ ತಪಾಸಣೆ. ರಾತ್ರಿ ಡ್ಯೂಟಿಯಲ್ಲಿ ಚಹಾ ಕುಡಿಯುತ್ತ ಈ ಕ್ರಮದ ಹಿಂದಿನ ಕಥೆಯನ್ನು ಅವರು ಹೇಳುತ್ತಿದ್ದರು. 1976ರ ಫೆಬ್ರುವರಿಯಲ್ಲಿ ಅಮೆರಿಕದ ಮೂಳೆ ಡಾಕ್ಟರ್ ಜೇಮ್ಸ್ ಸ್ಟೈನರ್ ಓಡಿಸುತ್ತಿದ್ದ ಪುಟ್ಟ ವಿಮಾನ ನೆಬ್ರಾಸ್ಕದ ಹೊಲದಲ್ಲಿ ಬಿತ್ತು. ಹೆಂಡತಿ ಅಲ್ಲೇ ತೀರಿಕೊಂಡರು, ಮಕ್ಕಳಿಗೆ ಪೆಟ್ಟಾಗಿತ್ತು. ಹತ್ತಿರದ ಸಣ್ಣ ಆಸ್ಪತ್ರೆಯಲ್ಲಿ ಯಾವುದನ್ನು ಮೊದಲು ಮಾಡಬೇಕೆಂದು ಯಾರಿಗೂ ತಿಳಿದಿರಲಿಲ್ಲ. ಆ ಸಂಕಟದಿಂದಲೇ ಅವರು ಮತ್ತು ಸಂಗಡಿಗರು 1978ರಲ್ಲಿ ಗಾಯಾಳು ಚಿಕಿತ್ಸೆಯ ಕೋರ್ಸು ಶುರುಮಾಡಿದರು. ಇವತ್ತು ಜಗತ್ತಿನ ಎಷ್ಟೋ ದೇಶಗಳ ವೈದ್ಯರು ಕಲಿಯುವ ಎಟಿಎಲ್‌ಎಸ್ ಅದೇ. ಮೇಡಂ ಈ ಕಥೆ ಹೇಳುತ್ತಿದ್ದುದು ಅಮೆರಿಕವನ್ನು ಹೊಗಳಲಿಕ್ಕಲ್ಲ. ದೊಡ್ಡ ದೇಶದಲ್ಲೂ ಸಣ್ಣ ಊರಿನ ಆಸ್ಪತ್ರೆ ಹೀಗೇ ಇತ್ತು, ಕ್ರಮ ಕಲಿತರೆ ನಾವೂ ಮಾಡಬಹುದು ಎಂದು ನಮಗೆ ಧೈರ್ಯ ತುಂಬಲಿಕ್ಕೆ.

ಕೀಟನಾಶಕ ಕುಡಿದು ಬರುವವರು ನಮ್ಮ ಸೀಮೆಯ ದೊಡ್ಡ ನೋವು. ಆರ್ಗನೋಫಾಸ್ಫರಸ್ ಜಾತಿಯ ವಿಷ ಹೊಟ್ಟೆಗಿಳಿದರೆ ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟಾಗುತ್ತದೆ, ಬಾಯಲ್ಲಿ ಜೊಲ್ಲು, ಮೈಯೆಲ್ಲ ಬೆವರು, ಶ್ವಾಸಕೋಶದಲ್ಲಿ ನೀರು ತುಂಬಿದಂಥ ಗೊರಗೊರ. ಅದಕ್ಕೆ ಮದ್ದು ಆಟ್ರೋಪಿನ್. ನಮ್ಮಲ್ಲಿ ಸಿಗುವ ಚಿಕ್ಕ ಆಂಪ್ಯೂಲಿನಲ್ಲಿ ಇರುವುದು 0.6 ಮಿಲಿಗ್ರಾಂ. ಮೊದಲು ಮೂರು, ಐದು ನಿಮಿಷದಲ್ಲಿ ಎದೆಯ ಸದ್ದು ತಿಳಿಯಾಗದಿದ್ದರೆ ಆರು, ಆಗಲೂ ಆಗದಿದ್ದರೆ ಹನ್ನೆರಡು. ಹೀಗೆ ಇಮ್ಮಡಿ ಮಾಡುತ್ತ ಹೋಗಬೇಕು. ಹೊಸಬರಿಗೆ ಅಷ್ಟೊಂದು ಕೊಡಲು ಕೈ ಬರುವುದಿಲ್ಲ. ಮೇಡಂ ಸ್ಟೆತಸ್ಕೋಪನ್ನು ರೋಗಿಯ ಎದೆ ಮೇಲಿಂದ ತೆಗೆಯದೆ ಅಂಕಿ ಹೇಳುವರು. ನಾವು ಆ ಅಂಕಿಯನ್ನೇ ಗಟ್ಟಿಯಾಗಿ ತಿರುಗಿ ಹೇಳಿ, ಕೊಟ್ಟ ಮೇಲೆ "ಕೊಟ್ಟೆ ಮೇಡಂ" ಎನ್ನಬೇಕು. ತಿರುಗಿ ಹೇಳದ ಆರ್ಡರು ಆರ್ಡರೇ ಅಲ್ಲ ಎಂಬುದು ಅವರ ಕಾನೂನು. ಡೋಸ್ ಹೆಚ್ಚುಕಡಿಮೆ ಅನಿಸಿದರೆ ಅಟೆಂಡರ್ ಆದರೂ ಸರಿಯೇ, ಬಾಯಿ ಬಿಟ್ಟು ಹೇಳಬೇಕು.

ರೋಗಿ ಚೇತರಿಸಿಕೊಂಡ ಮೇಲೆ ಇನ್ನೊಂದು ಕೆಲಸವಿರುತ್ತಿತ್ತು. ಸಂಬಂಧಿಕರೂ ಒಮ್ಮೊಮ್ಮೆ ನಮ್ಮ ಸಿಬ್ಬಂದಿಯೂ ಕುಡಿದವರನ್ನು ಬೈಯುವುದುಂಟು. "ಬೈಯೋದ್ರಿಂದ ವಿಷ ಇಳಿಯಲ್ಲ" ಎಂದು ಮೇಡಂ ಅವರನ್ನೆಲ್ಲ ಹೊರಗೆ ಕಳಿಸಿ, ಮಂಚದ ಪಕ್ಕ ಸ್ಟೂಲ್ ಎಳೆದುಕೊಂಡು ಕೂರುತ್ತಿದ್ದರು. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷಿಸಬಾರದು ಎಂದು 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳಿತು. ನಮ್ಮ ಕ್ಯಾಜುವಾಲ್ಟಿಯಲ್ಲಿ ಆ ನಡತೆ ಅದಕ್ಕೂ ಮೊದಲೇ ರೂಢಿಯಲ್ಲಿತ್ತು.

ಹಾವಿನ ವಿಷಯಕ್ಕೆ ಬಂದರೆ ಅವರ ನೆಚ್ಚಿನ ಸಾಧನ ಒಂದು ಗಾಜಿನ ನಳಿಕೆ. ಕಚ್ಚಿಸಿಕೊಂಡವರ ರಕ್ತವನ್ನು ಎರಡು ಎಂಎಲ್‌ನಷ್ಟು ಒಣ ಗಾಜಿನ ನಳಿಕೆಗೆ ಹಾಕಿ, ಅಲುಗಿಸದೆ ಇಪ್ಪತ್ತು ನಿಮಿಷ ಬಿಟ್ಟು, ಒಂದು ಸಲ ಬಾಗಿಸಿ ನೋಡುವುದು. ಹೆಪ್ಪುಗಟ್ಟದೆ ನೀರಿನಂತೆ ಹರಿದರೆ ಮಂಡಲದ ಹಾವಿನ ವಿಷ ಏರಿದೆ ಎಂದು ಅರ್ಥ. ಪ್ಲಾಸ್ಟಿಕ್ ನಳಿಕೆ ನಡೆಯದು. ಅದರಲ್ಲಿ ರಕ್ತ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ. ಲ್ಯಾಬು ಮುಚ್ಚಿರುವ ನಡುರಾತ್ರಿಯಲ್ಲೂ ಮಾಡಬಹುದಾದ ಪರೀಕ್ಷೆ ಇದು. ಕಟ್ಟುಹಾವಿನದು ಬೇರೆಯೇ ಕಥೆ. ನೆಲದ ಮೇಲೆ ಮಲಗಿದ್ದವರಿಗೆ ಅದು ಕಚ್ಚಿದ್ದೇ ತಿಳಿಯದೆ ಇರಬಹುದು. ಬೆಳಗಿನ ಜಾವ ಹೊಟ್ಟೆನೋವು ಎಂದು ಬರುತ್ತಾರೆ, ರೆಪ್ಪೆ ಜೋತು ಬಿದ್ದಿರುತ್ತದೆ. "ರೆಪ್ಪೆ ಎತ್ತು ನೋಡೋಣ" ಎಂದು ಮೇಡಂ ಹೇಳಿದ್ದನ್ನು ಕೇಳಿಯೇ ನಾವು ಹೊಟ್ಟೆನೋವಿನವರ ಕಣ್ಣು ನೋಡುವುದನ್ನು ಕಲಿತದ್ದು. 2024ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದಾಗ, ಅವರಷ್ಟು ಖುಷಿಪಟ್ಟವರನ್ನು ನಾನು ಕಾಣೆ. ಲೆಕ್ಕಕ್ಕೆ ಬಂದದ್ದಕ್ಕೆ ಮಾತ್ರ ಔಷಧ ಬರುತ್ತದೆ ಎಂಬುದು ಅವರ ಅನುಭವ.

ಅಪಘಾತದ ರೋಗಿಯನ್ನು ಹೊತ್ತು ತಂದವರ ವಿಷಯದಲ್ಲಿ ಅವರು ತೋರುತ್ತಿದ್ದ ಮರ್ಯಾದೆಯನ್ನೂ ಹೇಳಬೇಕು. 108 ಆಂಬುಲೆನ್ಸು ನಮ್ಮ ರಾಜ್ಯಕ್ಕೆ ಬಂದದ್ದು 2008ರ ನವೆಂಬರ್ 1ರಂದು. ಅದಕ್ಕೆ ಮುಂಚೆ ಗಾಯಾಳುಗಳು ಲಾರಿಯಲ್ಲಿ, ಟೆಂಪೋದಲ್ಲಿ, ಆಟೋದಲ್ಲಿ ಬರುತ್ತಿದ್ದರು. ತಂದವರು ಪೊಲೀಸರ ಭಯಕ್ಕೆ ಬಾಗಿಲಲ್ಲೇ ಇಳಿಸಿ ಓಡಿಬಿಡುವರು. ಮೊದಲು ಜೀವ ಉಳಿಸಿ, ಕಾಗದ ಪತ್ರ ಆಮೇಲೆ ಎಂದು ಸುಪ್ರೀಂ ಕೋರ್ಟ್ ಪರಮಾನಂದ ಕಟಾರಾ ಪ್ರಕರಣದಲ್ಲಿ 1989ರಲ್ಲೇ ಹೇಳಿತ್ತು. ನೆರವಾದವರನ್ನು ಪೀಡಿಸಬಾರದೆಂಬ ಕೇಂದ್ರದ ಮಾರ್ಗಸೂಚಿಗೆ 2016ರಲ್ಲಿ ಅದೇ ಕೋರ್ಟು ಬಲ ಕೊಟ್ಟಿತು. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೇ ಆ ರಕ್ಷಣೆ ಸೇರಿತು. ಮೇಡಂ ಇದನ್ನು ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆಸಿ ಬಾಗಿಲ ಬಳಿ ಹಾಕಿಸಿದ್ದರು. ಗಾಯಾಳುವನ್ನು ತಂದ ಲಾರಿ ಡ್ರೈವರಿಗೆ ಕೈ ತೊಳೆಯಲು ಸೋಪು ಕೊಟ್ಟು, ಕ್ಯಾಂಟೀನಿನಿಂದ ಚಹಾ ತರಿಸಿ, "ನೀವು ಹೊರಡಿ ಅಣ್ಣಾ, ನಿಮ್ಮ ಹೆಸರು ಬೇಕಿಲ್ಲ" ಎನ್ನುತ್ತಿದ್ದರು.

ಸಾವಿನ ಸುದ್ದಿಯನ್ನು ಅವರು ಎಂದೂ ಕಾರಿಡಾರಿನಲ್ಲಿ ನಿಂತು ಹೇಳಿದವರಲ್ಲ. ಮನೆಯವರನ್ನು ಒಳಗೆ ಕರೆದು, ಕೂರಿಸಿ, ತಾವೂ ಕೂತು, ಮೊದಲು ಅವರಿಗೆ ಏನು ಗೊತ್ತಿದೆ ಎಂದು ಕೇಳಿ, ಆಮೇಲೆ "ತೀರಿಕೊಂಡರು" ಎಂದು ಸ್ಪಷ್ಟವಾಗಿ ಹೇಳುವರು. "ನಮ್ಮ ಕೈಲಾದದ್ದು ಮಾಡಿದೆವು" ಎಂದು ಸುತ್ತಿಬಳಸಿದರೆ ಜನ ಇನ್ನೂ ಆಸೆ ಇದೆ ಎಂದುಕೊಳ್ಳುತ್ತಾರೆ, ಅದು ಅನ್ಯಾಯ ಎನ್ನುತ್ತಿದ್ದರು. ಹೇಳಿದ ಮೇಲೆ ಎದ್ದು ಹೋಗುತ್ತಿರಲಿಲ್ಲ. ಹೊರಗೆ ಹತ್ತು ಜನ ಕಾಯುತ್ತಿದ್ದರೂ ಒಂದಿಷ್ಟು ಹೊತ್ತು ಅಲ್ಲೇ ಕೂರುವರು. ಕ್ಯಾಜುವಾಲ್ಟಿಗಳಲ್ಲಿ ಗಲಾಟೆ, ಕೈಮಿಲಾಯಿಸುವುದು ನಡೆಯುವ ಕಾಲ ಇದು. ಎಷ್ಟೋ ಜಗಳ ಹುಟ್ಟದೆ ಹೋದದ್ದು ಆ ಕೂರುವಿಕೆಯಿಂದ ಎಂದು ನಾನು ನಂಬಿದ್ದೇನೆ.

ಬೀಳ್ಕೊಡುಗೆಯ ದಿನ ಸಭಾಂಗಣದಲ್ಲಿ ಶಾಲು, ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ ಎಲ್ಲವೂ ಇದ್ದವು. ಅವರ ಕೈಕೆಳಗೆ ಕಲಿತು ಈಗ ತಾಲ್ಲೂಕು ಆಸ್ಪತ್ರೆಗಳಲ್ಲಿರುವ ಡಾಕ್ಟರುಗಳು ಬಂದಿದ್ದರು. ಒಬ್ಬರು ಹೇಳಿದ ಮಾತು ನನಗೆ ಹಿಡಿಸಿತು. ಅವರ ಆಸ್ಪತ್ರೆಯಲ್ಲಿ ಎದೆನೋವಿನವರಿಗೆ ಹತ್ತು ನಿಮಿಷದೊಳಗೆ ಇಸಿಜಿ ಆಗುತ್ತದೆ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ಹೆಪ್ಪು ಕರಗಿಸುವ ಇಂಜೆಕ್ಷನ್ ಅಲ್ಲೇ ಉಚಿತವಾಗಿ ಸಿಗುತ್ತದೆ. "ಯೋಜನೆ ಸರ್ಕಾರದ್ದು, ಹತ್ತು ನಿಮಿಷದ ಅಭ್ಯಾಸ ಮಾತ್ರ ಮೇಡಂದು" ಅಂದರು ಅವರು. ಮೇಡಂ ಹೆಚ್ಚು ಮಾತಾಡಲಿಲ್ಲ. ಗ್ರೂಪ್ ಡಿ ನೌಕರರಿಂದ ಹಿಡಿದು ಎಲ್ಲರ ಹೆಸರನ್ನೂ ಹೇಳಿ ಕೈಮುಗಿದರು.

ಪತ್ರಿಕೆಗೆ ಬರೆಯುತ್ತೇನೆ ಎಂದಾಗ ಮಾತ್ರ ಗದರಿದರು. "ನನ್ನ ಬಗ್ಗೆ ಬರೆದು ಪುಟ ಹಾಳು ಮಾಡ್ಬೇಡ. ಬರೆಯೋದೇ ಆದ್ರೆ ಜನಕ್ಕೆ ಬೇಕಾಗಿದ್ದು ಬರಿ." ಅವರು ಹೇಳಿ ಬರೆಸಿದ್ದು ಇಷ್ಟು. ಹಾವು ಕಚ್ಚಿದರೆ ಕಟ್ಟಬೇಡಿ, ಕುಯ್ಯಬೇಡಿ, ಬಾಯಿಂದ ಹೀರಬೇಡಿ. ಕೈಕಾಲು ಅಲುಗದಂತೆ ಇಟ್ಟು ನೇರ ಆಸ್ಪತ್ರೆಗೆ ಬನ್ನಿ, ಹಾವನ್ನು ಹಿಡಿದು ತರುವ ಸಾಹಸ ಬೇಡ. ವಿಷ ಕುಡಿದವರಿಗೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ, ಅದು ಶ್ವಾಸಕೋಶಕ್ಕೆ ಹೋಗುತ್ತದೆ. ಔಷಧದ ಡಬ್ಬಿಯನ್ನು ಮಾತ್ರ ಮರೆಯದೆ ತನ್ನಿ. ಎದೆ ಒತ್ತಿ ಬೆವರುತ್ತಿದ್ದರೆ ಗ್ಯಾಸ್ ಎಂದು ಸೋಡಾ ಕುಡಿದು ಕೂರಬೇಡಿ, ಇಸಿಜಿ ಮಾಡಿಸಿ. ಬಾಯಿ ಸೊಟ್ಟಗಾಗಿ ಮಾತು ತೊದಲಿದರೆ, ಅವರು ಕೊನೆಯದಾಗಿ ಸರಿಯಾಗಿದ್ದದ್ದು ಎಷ್ಟು ಗಂಟೆಗೆ ಎಂದು ನೆನಪಿಟ್ಟುಕೊಳ್ಳಿ. ಹೆಪ್ಪು ಕರಗಿಸುವ ಮದ್ದು ಕೊಡಲು ಇರುವ ಅವಧಿ ಸುಮಾರು ನಾಲ್ಕೂವರೆ ಗಂಟೆ. ರಸ್ತೆಯಲ್ಲಿ ಯಾರಾದರೂ ಬಿದ್ದಿದ್ದರೆ 108ಕ್ಕೆ ಫೋನ್ ಮಾಡಿ, ರಕ್ತ ಸುರಿಯುವ ಜಾಗವನ್ನು ಶುಭ್ರ ಬಟ್ಟೆಯಿಂದ ಒತ್ತಿ ಹಿಡಿಯಿರಿ, ಕುತ್ತಿಗೆ ತಿರುಗಿಸಬೇಡಿ, ನೀರು ಕುಡಿಸಬೇಡಿ.

ಇದರಲ್ಲಿ ಒಂದನ್ನಾದರೂ ನೆನಪಿಟ್ಟುಕೊಂಡು ಯಾರಾದರೂ ಸಮಯಕ್ಕೆ ನಮ್ಮ ಬಾಗಿಲು ಮುಟ್ಟಿದರೆ, ಮೇಡಂಗೆ ಸಲ್ಲಬೇಕಾದ ಸಿಹಿ ಸಂದಂತೆ. ಸಕ್ಕರೆಯದನ್ನು ಹೇಗೂ ಅವರು ಮುಟ್ಟುವುದಿಲ್ಲ, ಶುಗರ್ ಇದೆ.