ಗಿಡ್ಡ ಉಗುರಿಗೆ ತಿಳಿನೀಲಿ ಬಣ್ಣ

ಹಬ್ಬಕ್ಕೆ ಇನ್ನು ಹತ್ತು ದಿನ ಇದೆ ಎನ್ನುವಾಗ ಫ್ಯಾನ್ಸಿ ಸ್ಟೋರ್‌ಗಳಲ್ಲಿ ಬಳೆಯಷ್ಟೇ ಬೇಗ ಖರ್ಚಾಗುವ ಇನ್ನೊಂದು ವಸ್ತು ಉಗುರಿನ ಬಣ್ಣ. ಮೊದಲು ಕೆಂಪು, ಮರೂನ್ ಕೇಳುತ್ತಿದ್ದ ಹುಡುಗಿಯರು ಈಗ ಕೇಳುವುದು ಹಾಲು ಬೆರೆಸಿದ ಆಕಾಶದಂತಹ ತಿಳಿನೀಲಿ. ನಿಮ್ಮ ಮನೆಯಲ್ಲೂ ಒಬ್ಬಳು ಕೇಳಿರಬಹುದು. ನನ್ನ ಬಳಿ ಬರುವ ತಾಯಂದಿರಿಗೆ ಇದರ ಬಗ್ಗೆ ಎರಡು ಪ್ರಶ್ನೆಗಳಿರುತ್ತವೆ. ಬಣ್ಣ ಹಚ್ಚಿದರೆ ಉಗುರು ಹಾಳಾಗುತ್ತದೆಯೇ? ಉಗುರು ಬೆಳೆಸದಿದ್ದರೆ ಬಣ್ಣ ಚಂದ ಕಾಣುತ್ತದೆಯೇ? ವುಝೂವಿನ ಪ್ರಶ್ನೆ ಮೂರನೆಯದು. ಅದನ್ನು ಕೇಳುವವರು ಹೆಚ್ಚಾಗಿ ಜೊತೆಗೆ ಬಂದ ಅಜ್ಜಿಯಂದಿರು.

ಎರಡನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಗಿಡ್ಡ ಉಗುರಿಗೇ ನನ್ನ ಓಟು. ಕೈಬೆರಳಿನ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ. ಉಗುರು ಕತ್ತರಿಸದೆ 40 ದಿನ ಮೀರಬಾರದು ಎಂಬ ಮಿತಿ ನಿಮಗೆಲ್ಲ ಗೊತ್ತಿರುವುದೇ. ಆ ಹೊತ್ತಿಗೆ ಉಗುರು 4 ಮಿಲಿಮೀಟರ್ ಬೆಳೆದಿರುತ್ತದೆ. ಮೀನು ಶುಚಿ ಮಾಡುವ, ರೊಟ್ಟಿಯ ಹಿಟ್ಟು ನಾದುವ, ಮಗುವನ್ನು ತೊಳೆಯುವ ಕೈಯಲ್ಲಿ ಆ 4 ಮಿಲಿಮೀಟರಿನ ಅಡಿ ಏನೇನು ಸೇರಿಕೊಳ್ಳುತ್ತದೆ ಎಂದು ಯೋಚಿಸಿ. ಸೋಪು ಹಾಕಿ ಕೈ ತೊಳೆದರೂ ಉಗುರಿನ ಅಡಿಯ ಸಂದಿಗೆ ಸೋಪು ಸರಿಯಾಗಿ ತಲುಪುವುದಿಲ್ಲ. ಮಕ್ಕಳ ಹೊಟ್ಟೆಹುಳು, ಪದೇಪದೇ ಬರುವ ಭೇದಿಗೆ ಮದ್ದು ಕೊಡುವಾಗ ನಾನು ಮಗುವಿನ ಉಗುರನ್ನು ಮಾತ್ರವಲ್ಲ, ಅದಕ್ಕೆ ತುತ್ತು ತಿನ್ನಿಸುವವರ ಉಗುರನ್ನೂ ನೋಡುತ್ತೇನೆ. ಇನ್ನೊಂದು ವಿಷಯ, ಉದ್ದ ಉಗುರು ಹಾರೆಯಂತೆ ಕೆಲಸ ಮಾಡುತ್ತದೆ. ತುದಿ ಎಲ್ಲಾದರೂ ತಾಗಿದರೆ ಬುಡದ ಚರ್ಮದಿಂದ ಉಗುರು ಸ್ವಲ್ಪ ಎದ್ದು ಬರುತ್ತದೆ. ಹಾಗೆ ಎದ್ದ ಜಾಗಕ್ಕೆ ನೀರು ಇಳಿಯುತ್ತದೆ, ನೀರಿನ ಹಿಂದೆ ಸೋಂಕು ಬರುತ್ತದೆ.

ಹಚ್ಚುವ ಮೊದಲಿನ ಕೆಲಸ

ಸ್ನಾನದ ನಂತರ ಉಗುರು ಮೆತ್ತಗಿರುವಾಗ ಕತ್ತರಿಸಿ. ನಡುವೆ ನೇರ, ಎರಡು ಮೂಲೆಗಳಲ್ಲಿ ತುಸು ದುಂಡು, ಇಷ್ಟೇ ಆಕಾರ ಸಾಕು. ಒಳಮೂಲೆಯವರೆಗೆ ಕತ್ತರಿ ಇಳಿಸಬೇಡಿ. ಒಣಗಿದ ಮೇಲೆ ಉಗುರಿನ ಅರದಿಂದ ಒಂದೇ ದಿಕ್ಕಿಗೆ ತೀಡಿ. ಗರಗಸದಂತೆ ಹಿಂದೆ ಮುಂದೆ ಉಜ್ಜಿದರೆ ತುದಿ ಪದರ ಪದರವಾಗಿ ಸೀಳುತ್ತದೆ.

ಉಗುರಿನ ಬುಡದಲ್ಲಿ ಒಂದು ತೆಳು ಚರ್ಮದ ಅಂಚು ಇದೆಯಲ್ಲ, ಅದನ್ನು ಕತ್ತರಿಸಲು ಬಿಡಬೇಡಿ. ಬ್ಯೂಟಿ ಪಾರ್ಲರ್‌ಗಳಲ್ಲಿ ಅದನ್ನು ಹಿಂದಕ್ಕೆ ತಳ್ಳಿ, ಚಿಮುಟದಲ್ಲಿ ಹಿಡಿದು ಕತ್ತರಿಸುವ ರೂಢಿ ಇದೆ. ಅದು ಕೊಳೆಯಲ್ಲ, ಬಾಗಿಲಿನ ರಬ್ಬರ್ ಪಟ್ಟಿಯ ಹಾಗೆ ನೀರು ಮತ್ತು ರೋಗಾಣು ಒಳಗೆ ಹೋಗದಂತೆ ತಡೆಯುವ ಮುಚ್ಚಳ. ಅದನ್ನು ತೆಗೆದರೆ ಬರುವುದು ಉಗುರುಸುತ್ತು. ಯುನಾನಿಯಲ್ಲಿ ಇದಕ್ಕೆ ದಾಹಿಸ್ ಎನ್ನುತ್ತೇವೆ. ಸಾವಿರ ವರ್ಷಗಳ ಹಿಂದೆ ಇಬ್ನ್ ಸೀನಾ ತಮ್ಮ 'ಅಲ್ ಕಾನೂನ್' ಗ್ರಂಥದ ನಾಲ್ಕನೆಯ ಭಾಗದಲ್ಲಿ ಕೂದಲು, ಚರ್ಮ, ಉಗುರುಗಳನ್ನು ಒಟ್ಟಿಗೆ ಇಟ್ಟು ಬರೆದಿದ್ದಾರೆ. ಅಂದಿನ ಹಕೀಮರಿಗೆ ಅಲಂಕಾರವೂ ವೈದ್ಯಶಾಸ್ತ್ರದ ಒಂದು ಭಾಗವಾಗಿತ್ತು. ಉಗುರುಸುತ್ತು ಆರಂಭದಲ್ಲಿದ್ದರೆ ಉಗುರು ಬೆಚ್ಚಗಿನ ಉಪ್ಪು ನೀರಿನಲ್ಲಿ ದಿನಕ್ಕೆ ಮೂರು ನಾಲ್ಕು ಬಾರಿ ಬೆರಳು ಅದ್ದಿಟ್ಟರೆ ಹೆಚ್ಚಾಗಿ ಇಳಿಯುತ್ತದೆ. ಕೀವು ಕಟ್ಟಿದ್ದರೆ ಸೂಜಿ ಚುಚ್ಚಬೇಡಿ, ವೈದ್ಯರಿಗೆ ತೋರಿಸಿ. ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದರೆ ಅವರ ವಿಷಯದಲ್ಲಿ ಒಂದು ದಿನವೂ ಕಾಯಬೇಡಿ.

ಹಚ್ಚುವ ಬಗೆ

ತಿಳಿ ಬಣ್ಣಗಳಲ್ಲಿ ಬಿಳಿಯ ಪುಡಿ ಹೆಚ್ಚು. ಹಾಗಾಗಿ ಅವು ಕೆಂಪಿನಂತೆ ಒಂದೇ ಎಳೆತಕ್ಕೆ ಸಮನಾಗಿ ಕೂರುವುದಿಲ್ಲ, ಗೆರೆ ಗೆರೆ ಕಾಣುತ್ತದೆ. ಹುಡುಗಿಯರು ಅದನ್ನು ಮುಚ್ಚಲೆಂದು ದಪ್ಪಗೆ ಬಳಿಯುತ್ತಾರೆ. ದಪ್ಪ ಬಣ್ಣ ಒಣಗುವುದಿಲ್ಲ, ಎರಡೇ ದಿನಕ್ಕೆ ಚಕ್ಕೆ ಏಳುತ್ತದೆ. ಮೊದಲು ಬಣ್ಣವಿಲ್ಲದ ಬೇಸ್ ಕೋಟ್ ಒಂದು ಪದರ ಹಚ್ಚಿ, ಬಣ್ಣದ ಕಲೆ ಉಗುರಿಗೆ ಇಳಿಯದಂತೆ ಅದು ಕಾಯುತ್ತದೆ. ಮೇಲೆ ನೀಲಿ ಎರಡು ತೆಳು ಪದರ. ನಡುವೆ ಒಂದು ಎಳೆತ, ಆ ಕಡೆ ಒಂದು, ಈ ಕಡೆ ಒಂದು. ಮೊದಲ ಪದರ ಗೆರೆಗೆರೆಯಾಗಿ ಕಂಡರೂ ಮುಟ್ಟದೆ ಮೂರು ನಿಮಿಷ ಬಿಡಿ, ಎರಡನೆಯದು ಅದನ್ನು ಸರಿಮಾಡುತ್ತದೆ.

ಗಿಡ್ಡ ಉಗುರು ಉದ್ದವಾಗಿ ಕಾಣಲು ಒಂದು ಸುಲಭದ ಉಪಾಯ: ಎರಡು ಬದಿಯಲ್ಲಿ ಕೂದಲೆಳೆಯಷ್ಟು ಜಾಗ ಬಣ್ಣವಿಲ್ಲದೆ ಬಿಡಿ. ಬುಡದ ಚರ್ಮಕ್ಕೂ ಬಣ್ಣ ತಾಗಿಸಬೇಡಿ. ಉಗುರು ಸಪೂರವಾಗಿ ಕಾಣುತ್ತದೆ, ಬಣ್ಣ ಚರ್ಮಕ್ಕೆ ತಾಗದಿರುವುದರಿಂದ ಅಲರ್ಜಿಯ ಭಯವೂ ಕಡಿಮೆ. ನಮ್ಮ ಗೋಧಿ ಬಣ್ಣದ, ಕಂದು ಬಣ್ಣದ ಕೈಗಳಿಗೆ ತೀರಾ ಬಿಳಿಚಿದ ನೀಲಿ ಸುಣ್ಣ ಬಳಿದಂತೆ ಕಾಣುತ್ತದೆ. ಒಂದು ಮಟ್ಟ ಗಾಢವಾದ, ಸ್ವಲ್ಪ ಬೂದು ಬೆರೆತ ನೀಲಿ ಹೆಚ್ಚು ಒಪ್ಪುತ್ತದೆ. ಇದು ವೈದ್ಯಶಾಸ್ತ್ರವಲ್ಲ, ಮನೆಯ ಹೆಣ್ಮಕ್ಕಳ ಕೈ ನೋಡಿ ನನಗನಿಸಿದ್ದು.

ಚಿತ್ತಾರ ಬೇಕೆಂದರೆ ಗಿಡ್ಡ ಉಗುರಿಗೆ ಕಡಿಮೆ ಇದ್ದಷ್ಟು ಚಂದ. ಉಗುರಿಗೆ ಬಣ್ಣವಿಲ್ಲದ ಪಾಲಿಶ್ ಹಚ್ಚಿ ತುದಿಗೆ ಮಾತ್ರ ನೂಲಿನಷ್ಟು ತೆಳುವಾದ ನೀಲಿ ಗೆರೆ ಎಳೆಯಬಹುದು. ಅಥವಾ ಪೂರ್ತಿ ನೀಲಿ ಹಚ್ಚಿ ಉಂಗುರ ಬೆರಳಿನ ಬುಡದಲ್ಲಿ ಒಂದೇ ಒಂದು ಬಿಳಿ ಚುಕ್ಕೆ ಇಡಬಹುದು. ಚುಕ್ಕೆಗೆ ಹಲ್ಲುಕಡ್ಡಿಯ ತುದಿ ಸಾಕು. ನಾಲ್ಕು ಬೆರಳಿಗೆ ನೀಲಿ, ಒಂದಕ್ಕೆ ಹಾಲುಬಿಳಿ ಹಚ್ಚುವುದೂ ಉಂಟು. ಉಗುರಿನ ನಡುವೆ ಉದ್ದಕ್ಕೆ ಎಳೆದ ಒಂದು ಬಿಳಿ ಗೆರೆ ಬೆರಳನ್ನು ಉದ್ದ ತೋರಿಸುತ್ತದೆ, ಅಡ್ಡ ಗೆರೆ ಮೊಟಕು ಮಾಡುತ್ತದೆ. ಮಿನುಗು, ಕಲ್ಲು, ಅಂಟಿಸುವ ಹೂವು ಗಿಡ್ಡ ಉಗುರಿಗೆ ಭಾರ. ಸಣ್ಣ ಮಕ್ಕಳ ಕೈಗಂತೂ ಬೇಡವೇ ಬೇಡ, ಬೆರಳು ಬಾಯಿಗೆ ಹೋಗುತ್ತದೆ. ಉಗುರು ಕಚ್ಚುವ ಮಗುವಿಗೆ ಯಾವ ಬಣ್ಣವನ್ನೂ ಹಚ್ಚಬೇಡಿ.

ರಾತ್ರಿ ಇಶಾ ಮುಗಿಸಿ ಹಚ್ಚಿಕೊಂಡು ಮಲಗುವವರು ಬಹಳ. ಬೆಳಿಗ್ಗೆ ನೋಡಿದರೆ ಉಗುರಿನ ಮೇಲೆ ಹೊದಿಕೆಯ ನೂಲಿನ ಅಚ್ಚು. ಅಷ್ಟರಲ್ಲಿ ಫಜ್ರ್‌ನ ವುಝೂವಿಗೆ ಹೇಗೂ ಅದನ್ನು ತೆಗೆಯಬೇಕು.

ವುಝೂವಿನ ವಿಷಯ

ಮಸ್‌ಅಲ ಹೇಳಬೇಕಾದವರು ಉಲಮಾಗಳು, ನಾನಲ್ಲ. ನಾನು ಹೇಳಬಹುದಾದದ್ದು ಬಾಟಲಿಯ ಒಳಗೆ ಏನಿದೆ ಎಂಬುದನ್ನು. ಸಾಮಾನ್ಯ ಉಗುರುಬಣ್ಣದ ಮುಖ್ಯ ಸಾಮಗ್ರಿ ನೈಟ್ರೊಸೆಲ್ಯುಲೋಸ್. ದ್ರಾವಕ ಆರಿದ ಮೇಲೆ ಅದು ಉಗುರಿನ ಮೇಲೆ ಗಟ್ಟಿಯಾದ ಪೊರೆಯಾಗಿ ನಿಲ್ಲುತ್ತದೆ. ನೀವು ಕೈ ತೊಳೆದಾಗ ಆ ಪೊರೆಯ ಮೇಲಿನಿಂದ ನೀರು ಜಾರಿಹೋಗುತ್ತದೆ, ಉಗುರಿಗೆ ತಾಗುವುದಿಲ್ಲ. ಮದರಂಗಿಯ ಕಥೆ ಬೇರೆ. ಅದರ ಬಣ್ಣದ ಅಂಶ ಉಗುರಿನ ಕೆರಾಟಿನ್ ಜೊತೆಗೇ ಬೆರೆಯುತ್ತದೆ, ಲೇಪ ತೊಳೆದ ಮೇಲೆ ಮೇಲ್ಗಡೆ ಪೊರೆ ಉಳಿಯುವುದಿಲ್ಲ.

'ಉಸಿರಾಡುವ', 'ವುಝೂಗೆ ಆಗುವ' ಎಂಬ ಚೀಟಿ ಹಚ್ಚಿದ ಬಣ್ಣಗಳು ಹತ್ತು ಹನ್ನೆರಡು ವರ್ಷಗಳಿಂದ ಮಾರುಕಟ್ಟೆಯಲ್ಲಿವೆ. ಪೋಲೆಂಡಿನ ಇಂಗ್ಲಾಟ್ ಕಂಪೆನಿಯ ಒಂದು ಬಣ್ಣದ ಸುದ್ದಿ ಹಬ್ಬಿದ ಮೇಲೆ ಇಂಥವು ಹೆಚ್ಚಾದವು. ಇಲ್ಲಿ ಒಂದು ವ್ಯತ್ಯಾಸ ಗಮನಿಸಿ. ಆವಿ ದಾಟುವುದು ಬೇರೆ, ನೀರು ದಾಟುವುದು ಬೇರೆ. ಮಳೆಯ ಜಾಕೆಟ್ ಬೆವರಿನ ಆವಿಯನ್ನು ಹೊರಗೆ ಬಿಡಬಹುದು, ಆದರೆ ಮಳೆನೀರನ್ನು ಒಳಗೆ ಬಿಡುವುದಿಲ್ಲವಲ್ಲ. ಕಾಗದದ ಮೇಲೆ ಬಣ್ಣ ಹಚ್ಚಿ ನೀರಿನ ಹನಿ ಹಾಕಿ ತೋರಿಸುವ ವೀಡಿಯೊಗಳನ್ನು ನಾನೂ ನೋಡಿದ್ದೇನೆ. ಕಾಗದ ಬಣ್ಣವನ್ನೇ ಹೀರಿಕೊಳ್ಳುತ್ತದೆ, ಉಗುರು ಹಾಗೆ ಹೀರುವುದಿಲ್ಲ. ಅಲ್ಲದೆ ವುಝೂವಿನಲ್ಲಿ ನೀರು ಉಗುರಿನ ಮೇಲೆ ಇರುವುದು ಕೆಲವೇ ಕ್ಷಣ. ಆದ್ದರಿಂದ ಚೀಟಿಯನ್ನು ನಂಬಿ ನಮಾಝ್‌ನ ವಿಷಯದಲ್ಲಿ ತೀರ್ಮಾನಕ್ಕೆ ಬರಬೇಡಿ. ಹೆಚ್ಚಿನ ಸಹೋದರಿಯರು ಮುಟ್ಟಿನ ದಿನಗಳಲ್ಲಿ ಹಚ್ಚಿ, ಸ್ನಾನಕ್ಕೆ ಮೊದಲು ತೆಗೆಯುತ್ತಾರೆ. ವೈದ್ಯಕೀಯವಾಗಿಯೂ ಇದು ಒಳ್ಳೆಯ ಲೆಕ್ಕ, ತಿಂಗಳಲ್ಲಿ ಮೂರು ವಾರ ಉಗುರು ಬರಿದಾಗಿರುತ್ತದೆ.

ಕಣ್ಣಿನ ರೆಪ್ಪೆಯಲ್ಲಿ ಕಾಣುವ ಉಗುರಿನ ತೊಂದರೆ

ಒಬ್ಬ ಕಾಲೇಜು ಹುಡುಗಿಯನ್ನು ತಾಯಿ ಕರೆತಂದಿದ್ದರು. ಎರಡು ತಿಂಗಳಿಂದ ಎರಡೂ ಕಣ್ಣಿನ ರೆಪ್ಪೆ ಕೆಂಪಗೆ, ತುರಿಕೆ, ಚರ್ಮ ಒಣಗಿ ಸುಲಿಯುತ್ತಿತ್ತು. ಕಾಡಿಗೆ ಬಿಟ್ಟಾಗಿತ್ತು, ಸೋಪು ಬದಲಿಸಿ ಆಗಿತ್ತು, ಮೊಟ್ಟೆ, ಬದನೆಕಾಯಿ, ಸಿಗಡಿ ಎಲ್ಲವನ್ನೂ ಊಟದಿಂದ ತೆಗೆದಾಗಿತ್ತು. ಯಾರೂ ಅವಳ ಕೈ ನೋಡಿರಲಿಲ್ಲ. ಹತ್ತು ಬೆರಳಿಗೂ ತಿಳಿನೀಲಿ. ಉಗುರಿನ ಸುತ್ತ ಒಂದು ಕೆಂಪು ಚುಕ್ಕೆಯೂ ಇರಲಿಲ್ಲ. ಬೆರಳಿನ ಚರ್ಮ ದಪ್ಪ, ರೆಪ್ಪೆಯದು ಬಹಳ ತೆಳು. ದಿನಕ್ಕೆ ಎಷ್ಟೋ ಸಲ ನಮಗೇ ತಿಳಿಯದೆ ಕಣ್ಣು, ಕತ್ತು ಮುಟ್ಟಿಕೊಳ್ಳುತ್ತೇವೆ. ಹಾಗಾಗಿ ಉಗುರುಬಣ್ಣದ ರಾಳದ ಅಲರ್ಜಿ ರೆಪ್ಪೆಯಲ್ಲಿ, ಕತ್ತಿನಲ್ಲಿ ಮೊದಲು ಕಾಣುವುದು ವೈದ್ಯರಿಗೆ ಪರಿಚಿತ ವಿಷಯ. ಬಣ್ಣ ತೆಗೆಸಿದೆ, ರೆಪ್ಪೆಗೆ ಸಿಹಿ ಬಾದಾಮಿ ಎಣ್ಣೆ ತೆಳುವಾಗಿ ಹಚ್ಚಲು ಹೇಳಿದೆ. ಮೂರು ವಾರಕ್ಕೆ ವಾಸಿಯಾಯಿತು. ಬದನೆಕಾಯಿಗೆ ಮತ್ತೆ ಮನೆಯೊಳಗೆ ಪ್ರವೇಶ ಸಿಕ್ಕಿತು.

ಜೆಲ್ ಬಣ್ಣ ಇನ್ನೂ ಎಚ್ಚರ ಬೇಕಾದದ್ದು. ಅದು ಗಾಳಿಗೆ ಒಣಗುವುದಿಲ್ಲ, ನೇರಳಾತೀತ ದೀಪದ ಕೆಳಗೆ ಗಟ್ಟಿಯಾಗುತ್ತದೆ. ಆನ್‌ಲೈನ್‌ನಲ್ಲಿ ತರಿಸಿದ ಅಗ್ಗದ ಕಿಟ್‌ನ ದೀಪ ಸಾಲದೆ ಹೋದರೆ ಒಳಗೆ ಗಟ್ಟಿಯಾಗದೆ ಉಳಿದ ಅಕ್ರಿಲೇಟ್ ಚರ್ಮಕ್ಕೆ ತಾಗಿ ಅಲರ್ಜಿ ಹುಟ್ಟಿಸುತ್ತದೆ. ಒಮ್ಮೆ ಬಂದ ಅಕ್ರಿಲೇಟ್ ಅಲರ್ಜಿ ಜೀವನಪೂರ್ತಿ ಉಳಿಯಬಹುದು. ಅದೇ ಜಾತಿಯ ವಸ್ತುಗಳನ್ನು ಹಲ್ಲಿನ ಚಿಕಿತ್ಸೆಯಲ್ಲೂ ಬಳಸುತ್ತಾರೆ, ಆಗ ತೊಂದರೆ. ಜೆಲ್ ಬೇಗ ಗಟ್ಟಿಯಾಗಲು ಸೇರಿಸುವ ಟಿಪಿಒ ಎಂಬ ವಸ್ತುವನ್ನು ಯುರೋಪ್ ಒಕ್ಕೂಟ 2025ರ ಸೆಪ್ಟೆಂಬರ್ 1ರಿಂದ ಸೌಂದರ್ಯ ಸಾಧನಗಳಲ್ಲಿ ನಿಷೇಧಿಸಿದೆ. ಜೆಲ್ ವಾರಗಟ್ಟಲೆ ನಿಲ್ಲುವುದರಿಂದ ಒಂದು ಬದಿ ಎದ್ದು ಒಳಗೆ ನೀರು ನಿಂತರೂ ತಿಳಿಯುವುದಿಲ್ಲ. ತೆಗೆದಾಗ ಉಗುರು ಹಸಿರು ನೀಲಿಯಾಗಿದ್ದರೆ ಅದು ಬಣ್ಣದ ಕಲೆಯಲ್ಲ, ಬ್ಯಾಕ್ಟೀರಿಯಾ. ಅದರ ಮೇಲೆ ಮತ್ತೊಂದು ಪದರ ಹಚ್ಚಿ ಮುಚ್ಚುವವರೂ ಇದ್ದಾರೆ! ಉಗುರನ್ನು ಒಣಗಿಸಿ ಇಡಿ, ವೈದ್ಯರಿಗೆ ತೋರಿಸಿ.

ಉಗುರು ತಾನಾಗಿ ನೀಲಿಯಾದರೆ

ನಾಡಿ ಹಿಡಿಯುವ ಮೊದಲು ನಾವು ಕೈ ನೋಡುತ್ತೇವೆ. ಉಗುರು ಬಿಳಿಚಿದೆಯೇ, ಚಮಚದಂತೆ ಒಳಗೆ ಬಾಗಿದೆಯೇ, ನೀಲಿಗಟ್ಟಿದೆಯೇ ಎಂಬುದು ನಮಗೆ ಅರ್ಧ ವಿಷಯ ಹೇಳುತ್ತದೆ. ಬಣ್ಣ ಅದನ್ನು ಮುಚ್ಚುತ್ತದೆ. ಸುಸ್ತು, ಮೆಟ್ಟಿಲೇರಿದರೆ ಏದುಸಿರು ಎಂದು ಬಂದ ಇಬ್ಬರು ಮಕ್ಕಳ ತಾಯಿಯೊಬ್ಬರ ಬಣ್ಣ ತೆಗೆಸಿ ನೋಡಿದರೆ, ಉಗುರಿನ ಮೇಲೆ ಒಂದು ಹನಿ ನೀರು ಉರುಳದೆ ನಿಲ್ಲುವಷ್ಟು ಗುಂಡಿ ಬಿದ್ದಿತ್ತು. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 12 ಇರಬೇಕಾದಲ್ಲಿ 7ರ ಹತ್ತಿರ ಇತ್ತು. ಅವರಿಗೆ ತಕ್ಷಣ ಬೇಕಾದದ್ದು ಉಗುರಿನ ಮದ್ದಲ್ಲ, ಕಬ್ಬಿಣಾಂಶ. ಅದು ಕಡಿಮೆಯಾದದ್ದು ಏಕೆ ಎಂಬ ತಪಾಸಣೆಯೂ ಬೇಕಿತ್ತು.

ಚಳಿಗೆ ಬೆರಳ ತುದಿ ನೀಲಿಯಾಗಿ, ಬೆಚ್ಚಗಾದಾಗ ಸರಿಹೋದರೆ ಗಾಬರಿಯಿಲ್ಲ. ಆದರೆ ಬಣ್ಣ ಹಚ್ಚದ ಉಗುರಿನ ಜೊತೆಗೆ ತುಟಿ, ನಾಲಿಗೆಯೂ ನೀಲಿಯಾಗಿದ್ದರೆ ರಕ್ತದಲ್ಲಿ ಆಮ್ಲಜನಕ ಸಾಲುತ್ತಿಲ್ಲ ಎಂದರ್ಥ. ಮಗುವಾಗಲಿ ಹಿರಿಯರಾಗಲಿ, ಮನೆಮದ್ದು ಮಾಡುತ್ತಾ ಕೂರಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ. ಕೋವಿಡ್ ಕಾಲದಲ್ಲಿ ಪ್ರತಿ ಮನೆಗೂ ಪರಿಚಯವಾದ ಪಲ್ಸ್ ಆಕ್ಸಿಮೀಟರ್ ಬೆರಳಿನ ಮೂಲಕ ಬೆಳಕು ಹಾಯಿಸಿ ಆಮ್ಲಜನಕ ಅಳೆಯುತ್ತದೆ. ಉಗುರುಬಣ್ಣ, ಅದರಲ್ಲೂ ಗಾಢ ನೀಲಿ, ಕಪ್ಪು, ಆ ಲೆಕ್ಕವನ್ನು ತಪ್ಪಿಸಬಹುದು. ಆದ್ದರಿಂದ ಆಪರೇಷನ್‌ಗೆ ಹೋಗುವವರು ಹಿಂದಿನ ದಿನವೇ ಬಣ್ಣ ತೆಗೆಯಬೇಕು. ಹೆರಿಗೆಗೆ ದಿನ ತುಂಬಿದ ಗರ್ಭಿಣಿಯರಂತೂ ಎಂಟನೆಯ ತಿಂಗಳು ಮುಗಿಯುತ್ತಿದ್ದಂತೆ ಬಣ್ಣದ ಬಾಟಲಿಯನ್ನು ಕಪಾಟಿಗೆ ಸೇರಿಸಲಿ. ನಡುರಾತ್ರಿ ನೋವು ಬಂದಾಗ ರಿಮೂವರ್ ಹುಡುಕಲು ಯಾರಿಗೂ ಪುರಸೊತ್ತು ಇರುವುದಿಲ್ಲ. ಒಂದೇ ಉಗುರಿನಲ್ಲಿ ಹೊಸದಾಗಿ ಕಪ್ಪು ಉದ್ದ ಗೆರೆ ಕಂಡು, ಅದು ಅಗಲವಾಗುತ್ತಿದ್ದರೆ ಚರ್ಮರೋಗ ತಜ್ಞರಿಗೆ ತೋರಿಸಿ. ಬಣ್ಣ ಹಚ್ಚಿ ಮರೆಮಾಡಬೇಡಿ.

ಮದರಂಗಿಯ ಬಗ್ಗೆ ಒಂದು ಮಾತು, ಏಕೆಂದರೆ ಕೆಲವರು 'ನೀಲಿ ಮೆಹಂದಿ'ಯನ್ನೂ ವಿಚಾರಿಸುತ್ತಾರೆ. ಮದರಂಗಿ ಎಲೆ ಕೊಡುವುದು ಕಿತ್ತಳೆಯಿಂದ ಕಂದು ಬಣ್ಣ ಮಾತ್ರ, ಅದು ಗಾಢವಾಗಲು ಒಂದೆರಡು ದಿನ ಬೇಕು. ನೀಲಿ ಎಂದೋ, ಅರ್ಧ ಗಂಟೆಯಲ್ಲಿ ಕಪ್ಪಾಗುತ್ತದೆ ಎಂದೋ ಮಾರುವ ಕೋನ್‌ನಲ್ಲಿ ಬೇರೆ ರಾಸಾಯನಿಕ ಇದೆ. ಕಪ್ಪಿನದರಲ್ಲಿ ಹೆಚ್ಚಾಗಿ ತಲೆಕೂದಲಿನ ಡೈಗೆ ಹಾಕುವ ಪಿಪಿಡಿ ಇರುತ್ತದೆ. ಚರ್ಮದ ಮೇಲೆ ಅದು ಬೊಬ್ಬೆ ಎಬ್ಬಿಸುತ್ತದೆ, ಕಲೆ ಉಳಿಸುತ್ತದೆ.

ಇನ್ನು ತೆಗೆಯುವ ವಿಷಯ. ಚಕ್ಕೆ ಎದ್ದ ಬಣ್ಣವನ್ನು ಇನ್ನೊಂದು ಉಗುರಿನಿಂದ ಕೆರೆದು ತೆಗೆದರೆ ಅದರ ಜೊತೆ ಉಗುರಿನ ಮೇಲ್ಪದರವೂ ಬರುತ್ತದೆ. ಹಿಟ್ಟು ನಾದುವವರ ಬಣ್ಣದ ಚಕ್ಕೆ ರೊಟ್ಟಿಗೂ ಸೇರುತ್ತದೆ. ಹತ್ತಿಗೆ ರಿಮೂವರ್ ಹಾಕಿ ಉಗುರಿನ ಮೇಲೆ ಹತ್ತು ಎಣಿಸುವವರೆಗೆ ಒತ್ತಿ ಹಿಡಿಯಿರಿ, ಆಮೇಲೆ ಬುಡದಿಂದ ತುದಿಗೆ ಒಂದೇ ಸಲ ಒರೆಸಿ. ಒಲೆಯ ಹತ್ತಿರ ಬೇಡ, ಅಸಿಟೋನ್ ಬೇಗ ಹೊತ್ತಿಕೊಳ್ಳುತ್ತದೆ. ಅದು ಉಗುರಿನ ಎಣ್ಣೆಯಂಶವನ್ನೂ ಎಳೆದುಕೊಳ್ಳುವುದರಿಂದ ಕೈ ತೊಳೆದು ಎರಡು ಹನಿ ಝೈತೂನ್ ಎಣ್ಣೆ ಅಥವಾ ಸಿಹಿ ಬಾದಾಮಿ ಎಣ್ಣೆಯನ್ನು ಉಗುರಿನ ಬುಡಕ್ಕೆ ತಿಕ್ಕಿ. ಕಿಸೆಗೆ ಭಾರವೆನಿಸಿದರೆ ಅಡುಗೆಮನೆಯ ತೆಂಗಿನೆಣ್ಣೆಯೂ ಆಗುತ್ತದೆ. ಉಗುರು ಹಳದಿಯಾಗಿದ್ದರೆ ನಿಂಬೆಹುಳಿ ತಿಕ್ಕಬೇಡಿ, ಅದು ಇನ್ನಷ್ಟು ಒಣಗಿಸುತ್ತದೆ. ಬಣ್ಣದ ಕಲೆಯಾದರೆ ಉಗುರು ಬೆಳೆದಂತೆ ಮುಂದೆ ಸರಿದು ಕತ್ತರಿಗೆ ಸಿಗುತ್ತದೆ. ಪೂರ್ತಿ ಹೊಸ ಉಗುರು ಬರಲು ಸುಮಾರು 6 ತಿಂಗಳು ಬೇಕು, ಕಾಲಿನ ಹೆಬ್ಬೆರಳಿಗೆ ವರ್ಷಕ್ಕೂ ಹೆಚ್ಚು.